ಅಂಚೆಯಲ್ಲಿ ಬಂದ ಹೂಗಳು

ಹಂಪನಕಟ್ಟೆಯಲ್ಲಿ ಹೂ ಕೊಳ್ಳುವ ಹೆಂಗಸಿಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟಿ. ಮಾರು, ಮೊಳ ಎಂದು ಮಲ್ಲಿಗೆಯನ್ನು ತೋಳಿನಲ್ಲಿ ಅಳೆಯುವುದು ಹೆಚ್ಚಾಗಿ ಘಟ್ಟದ ಮೇಲಿನ ಪದ್ಧತಿ. ನಮ್ಮ ಕಡೆ ಅದನ್ನು ಬಾಳೆನಾರಿನಲ್ಲಿ ಕಟ್ಟಿ, ಸುತ್ತಿ, ಬಾಳೆಲೆಯಲ್ಲಿ ಮುಚ್ಚಿ ಇಡುತ್ತಾರೆ. ಕೊಳ್ಳುವವಳು ಎಲೆಯ ಅಂಚು ಸರಿಸಿ ನೋಡುತ್ತಾಳೆ, ಮೊಗ್ಗು ಇಂದಿನದೋ ನಿನ್ನೆಯದೋ ಎಂದು ಒಂದೇ ನೋಟದಲ್ಲಿ ತೀರ್ಮಾನಿಸುತ್ತಾಳೆ. ಶಂಕರಪುರದ್ದೋ ಭಟ್ಕಳದ್ದೋ ಎಂದು ಕೇಳುತ್ತಾಳೆ. ಮದುವೆಯ ತಿಂಗಳಾದರೆ ದರ ಕೇಳಿ ಒಮ್ಮೆ ಉಸಿರು ಬಿಟ್ಟು, ಆದರೂ ಕೊಳ್ಳುತ್ತಾಳೆ. ಇದನ್ನು ಬೆಳೆದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹಂಪನಕಟ್ಟೆಯಲ್ಲಿ ಉಳಿದ ಎಲ್ಲದಕ್ಕೂ ಒಂದು ಇತಿಹಾಸವಿದೆ. ಊರಿನ ಹೆಸರಿಗೇ ಒಂದು ಕಥೆ. ಮರದ ಬುಡದಲ್ಲಿ ಕಟ್ಟೆ ಕಟ್ಟಿ ದಾರಿಹೋಕರಿಗೆ ನೀರು ಕೊಡುತ್ತಿದ್ದ ಒಬ್ಬ ಪುಣ್ಯಾತ್ಮನ ಹೆಸರೇ ಉಳಿದು ಹೀಗಾಯಿತು ಎನ್ನುತ್ತಾರೆ. ಮಿಲಾಗ್ರಿಸ್ ಇಗರ್ಜಿಗೆ 1680ರ ಮೂಲವಿದೆ. ಸರ್ಕಾರಿ ಕಾಲೇಜು, ಅಂದರೆ ಈಗಿನ ವಿಶ್ವವಿದ್ಯಾಲಯ ಕಾಲೇಜು, ತನ್ನ ಹುಟ್ಟನ್ನು 1868ರಿಂದ ಎಣಿಸುತ್ತದೆ. ರವೀಂದ್ರನಾಥ ಠಾಕೂರರು 1922ರಲ್ಲಿ ಇಲ್ಲಿಗೆ ಬಂದದ್ದನ್ನೂ ಅದು ನೆನಪಿನಲ್ಲಿಟ್ಟಿದೆ. ಕಲ್ಲು, ಗಾರೆ, ಹೆಂಚುಗಳ ಚರಿತ್ರೆ ಬರೆಯುವುದು ಸುಲಭ, ಅವು ನಿಂತಲ್ಲೇ ನಿಂತಿರುತ್ತವೆ. ಬೆಳಿಗ್ಗೆ ಕೊಯ್ದು ಸಂಜೆಗೆ ಬಾಡುವ ಹೂವಿನ ಚರಿತ್ರೆಯನ್ನು ಎಲ್ಲಿಂದ ಹಿಡಿಯುವುದು?

ನನ್ನ ಅನುಭವದಲ್ಲಿ ಅದನ್ನು ಹಿಡಿಯಬೇಕಾದದ್ದು ಕಾಗದಗಳಲ್ಲಿ. ಹೂ ಬೆಳೆಸುವವರ ಬದುಕು ಹೊರಗಿನವರಿಗೆ ಕಾಣುವಷ್ಟು ಮೌನದ್ದಲ್ಲ. ಅವರು ಒಬ್ಬರಿಗೊಬ್ಬರು ಸದಾ ಬರೆಯುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಕನ್ನಡನಾಡಿನಲ್ಲಿ ಹೂವಿನ ಕೆಲಸ ಮಾಡಿದವರಲ್ಲಿ ಹೆಸರು, ತಾರೀಖು, ಗೋರಿಕಲ್ಲು ಎಲ್ಲವೂ ಸಿಕ್ಕುವ ಒಬ್ಬರೆಂದರೆ ಲಾಲ್‌ಬಾಗಿನ ಕ್ರುಂಬಿಗಲ್. ಹೆಸರು, ತಾರೀಖು ಸರಿಯಾಗಿ ಸಿಕ್ಕದ ಇನ್ನೊಬ್ಬರು ನನ್ನ ಸೋದರತ್ತೆ. ಮೊದಲು ದೊರೆಯ ಬಳಿ ಇದ್ದವರ ವಿಷಯ ಹೇಳುತ್ತೇನೆ.

ಮಂಗಳೂರಿನವರಿಗೆ 1865 ಎಂಬ ಇಸವಿ ಹೊಸದಲ್ಲ. ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ಹಳೆಯ ಮನೆಗಳ ಮಾಡು ಬಿಚ್ಚುವಾಗ ಇಂದಿಗೂ ಆ ಇಸವಿ ಒತ್ತಿದ ಹೆಂಚುಗಳು ಕೈಗೆ ಸಿಗುತ್ತವೆ. ಅದೇ 1865ರ ಡಿಸೆಂಬರ್ 18ರಂದು ಜರ್ಮನಿಯ ಡ್ರೆಸ್ಡೆನ್ ಬಳಿಯ ಲೋಮೆನ್ ಎಂಬ ಸಣ್ಣ ಊರಿನಲ್ಲಿ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಹುಟ್ಟಿದರು. ಹತ್ತಿರದ ಪಿಲ್‌ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತರು. ಹ್ಯಾಂಬರ್ಗಿನಲ್ಲಿ ಕೆಲಸ ಮಾಡಿದರು. ಅವರ ಕಣ್ಣೆಲ್ಲ ಇಂಗ್ಲೆಂಡಿನ ಕ್ಯೂ ತೋಟದ ಮೇಲಿತ್ತು. ಸಸ್ಯಲೋಕದವರಿಗೆ ಆಗ ಕ್ಯೂ ಎಂದರೆ ನಮ್ಮವರಿಗೆ ಕಾಶಿ ಇದ್ದ ಹಾಗೆ. 1888ರಲ್ಲಿ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರೂಪಿಸಿ, ಕೊನೆಗೆ ಕ್ಯೂ ಸೇರಿಕೊಂಡರು. 1893ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರು ಕರೆಸಿಕೊಂಡಾಗ ಹಡಗು ಹತ್ತಿದರು. ಆಗ ಅವರಿಗೆ 27 ವಯಸ್ಸು. ಮರಳಿ ಹೋಗಿ ನೆಲೆಸುವ ಯೋಗ ಬರಲೇ ಇಲ್ಲ.

ಕ್ಯೂ ತೋಟದಲ್ಲಿ ಪಳಗಿದವರು ಪ್ರಪಂಚದ ಮೂಲೆಮೂಲೆಗೆ ಹೋಗುತ್ತಿದ್ದ ಕಾಲ ಅದು. ಒಬ್ಬ ಸಿಂಗಪುರಕ್ಕೆ, ಒಬ್ಬ ಆಫ್ರಿಕಕ್ಕೆ, ಇನ್ನೊಬ್ಬ ಜಮೈಕಕ್ಕೆ. ಹೀಗೆ ಚದುರಿಹೋದವರು ಒಬ್ಬರನ್ನೊಬ್ಬರು ಮರೆಯದಿರಲೆಂದು ಅದೇ 1893ರಲ್ಲಿ ಕ್ಯೂ ಗಿಲ್ಡ್ ಎಂಬ ಸಂಘ ಹುಟ್ಟಿತು. ಅದರ ಪತ್ರಿಕೆಯಲ್ಲಿ ಹಳಬರ ಸುದ್ದಿ ಬರುತ್ತಿತ್ತು: ಯಾರು ಎಲ್ಲಿದ್ದಾರೆ, ಯಾರಿಗೆ ಬಡ್ತಿಯಾಯಿತು, ಯಾರು ಜ್ವರದಿಂದ ತೀರಿಕೊಂಡರು. ಒಂದೇ ಮನೆಯಿಂದ ಮದುವೆಯಾಗಿ ಬೇರೆ ಬೇರೆ ಊರಿಗೆ ಹೋದ ಅಕ್ಕತಂಗಿಯರು ತವರಿನ ಮೂಲಕ ಸುದ್ದಿ ತಿಳಿಯುವುದಿಲ್ಲವೇ, ಹಾಗೆ.

ಆದರೆ ಆ ಅಂಚೆಯಲ್ಲಿ ಬರುತ್ತಿದ್ದುದು ಸುದ್ದಿ ಮಾತ್ರವಲ್ಲ, ಬೀಜವೂ ಬರುತ್ತಿತ್ತು. ದೊಡ್ಡ ಸಸ್ಯೋದ್ಯಾನಗಳು ಪ್ರತಿವರ್ಷ ತಮ್ಮಲ್ಲಿ ಸಿಕ್ಕಿದ ಬೀಜಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿ, ಬೇರೆ ಉದ್ಯಾನಗಳಿಗೆ ಕಳುಹಿಸುವ ಪದ್ಧತಿ ಇದೆ. ಪಟ್ಟಿ ಕೈಸೇರಿದವರು ತಮಗೆ ಬೇಕಾದುದಕ್ಕೆ ಗುರುತು ಹಾಕಿ ಮರಳಿಸುತ್ತಾರೆ. ಚಿಟಿಕೆ ಬೀಜ ಸಣ್ಣ ಲಕೋಟೆಗಳಲ್ಲಿ ಬರುತ್ತದೆ. ಹಣದ ವ್ಯವಹಾರವಿಲ್ಲ. ನೀವು ಇಂದು ಕೊಟ್ಟರೆ ನಾಳೆ ಅವರು ಕೊಡುತ್ತಾರೆ. ನೆರೆಮನೆಯಿಂದ ಹೆಪ್ಪಿಗೆ ಒಂದು ಚಮಚ ಮಜ್ಜಿಗೆ ತರುವ ನಮ್ಮ ಲೆಕ್ಕಾಚಾರವೇ ಇದು, ಸಮುದ್ರ ದಾಟಿ ನಡೆಯುತ್ತದೆ ಅಷ್ಟೆ. ಜೀವಂತ ಗಿಡ ಕಳುಹಿಸಬೇಕಾದರೆ ಕಷ್ಟವಿತ್ತು. ಉಪ್ಪುಗಾಳಿ ತಗಲಿ ಹಡಗಿನಲ್ಲೇ ಸಾಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ವಾರ್ಡ್ ಎಂಬ ಲಂಡನ್ನಿನ ವೈದ್ಯರು ಗಾಜು ಹಾಕಿದ ಮುಚ್ಚಿದ ಪೆಟ್ಟಿಗೆಯೊಂದನ್ನು ಕಂಡುಹಿಡಿದ ಮೇಲೆ ಆ ಕಷ್ಟ ತೀರಿತು. ಗಿಡ ಬಿಟ್ಟ ಉಸಿರಿನ ತೇವವೇ ಗಾಜಿಗೆ ತಾಗಿ ಹನಿಯಾಗಿ ಬುಡಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ಯಾರೂ ನೀರು ಹಾಕಬೇಕಾಗಿಲ್ಲ.

ಹೀಗೆ ಬಂದವುಗಳಲ್ಲಿ ಕೆಲವು ನಮ್ಮ ಅಡುಗೆಮನೆಯನ್ನೇ ಹೊಕ್ಕವು. ಕ್ರುಂಬಿಗಲ್‌ಗಿಂತ ಮೊದಲು ಲಾಲ್‌ಬಾಗಿನಲ್ಲಿದ್ದ ಜಾನ್ ಕ್ಯಾಮರಾನ್ ಎಂಬವರೂ ಕ್ಯೂ ತೋಟದವರೇ. 1874ರಿಂದ ಅಲ್ಲಿದ್ದರು. ಅವರ ಕಾಲದಲ್ಲೇ 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಸೀಮೆಬದನೆಯನ್ನು ಈ ಕಡೆಗೆ ಪರಿಚಯಿಸಿದವರು ಅವರೇ ಎನ್ನುತ್ತಾರೆ. ತಮಿಳರು ಆ ಕಾಯಿಯನ್ನು ಇಂದಿಗೂ ಬೆಂಗಳೂರು ಬದನೆ ಎಂದೇ ಕರೆಯುವುದು. ಮೆಕ್ಸಿಕೋದ ಕಡೆಯಲ್ಲಿ ಹುಟ್ಟಿದ ಬಳ್ಳಿ ಹೋದಲ್ಲೆಲ್ಲ ಬೆಂಗಳೂರಿನ ಹೆಸರು ಹೊತ್ತಿತು. ಸಾಂಬಾರಿಗೆ ಅದನ್ನು ಹೆಚ್ಚುವಾಗ ನನಗೆ ಈ ದೂರದ ಪ್ರಯಾಣ ನೆನಪಾಗಿ ನಗು ಬರುವುದುಂಟು.

ಕ್ಯಾಮರಾನ್ ನಿವೃತ್ತರಾದ ಮೇಲೆ, ಬರೋಡಾದಲ್ಲಿ ಸುಮಾರು 15 ವರ್ಷ ಕಳೆದಿದ್ದ ಕ್ರುಂಬಿಗಲ್‌ರನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಕರೆಸಿಕೊಂಡಿತು. 1908ರಿಂದ 1932ರ ತನಕ ಮೈಸೂರು ಸಂಸ್ಥಾನದ ಸರ್ಕಾರಿ ತೋಟಗಳೆಲ್ಲ ಅವರ ಕೈಯಲ್ಲಿದ್ದವು. ಲಾಲ್‌ಬಾಗ್ ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ. ಟಿಪ್ಪು ಬೆಳೆಸಿದ, ಬ್ರಿಟಿಷರು ಬದಲಿಸಿದರು. ಕ್ರುಂಬಿಗಲ್ ಅದನ್ನು ನೋಡಲು ಚಂದದ ತೋಟವಾಗಿ ಮಾತ್ರ ಉಳಿಸಲಿಲ್ಲ. ತೋಟಗಾರರಿಗೆ ಪಾಠ ಹೇಳುವ ಏರ್ಪಾಡು ಮಾಡಿದರು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಗಳು ಅದರ ಮೂಲಕ ಊರಿನ ಹಬ್ಬವಾದವು.

ಈ ಪ್ರದರ್ಶನಗಳ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅಲ್ಲಿಯ ತನಕ ಹೆಂಗಸು ಬೆಳೆಸಿದ ಹೂ ದೇವರಿಗೆ, ಮುಡಿಗೆ, ಇಲ್ಲವೇ ಮಾರಾಟಕ್ಕೆ. ಬೆಳೆಸಿದ್ದೇ ಒಂದು ವಿದ್ಯೆ, ಅದಕ್ಕೆ ಬಹುಮಾನ ಕೊಡಬಹುದು ಎಂಬ ಮಾತು ನಮ್ಮಲ್ಲಿ ಇರಲಿಲ್ಲ. ಕುಂಡಕ್ಕೆ ಚೀಟಿ ಅಂಟಿಸಿ, ಬೆಳೆಸಿದವರ ಹೆಸರು ಬರೆದು, ಜನ ಸಾಲಾಗಿ ನಿಂತು ನೋಡುವ ಪದ್ಧತಿ ಬಂದದ್ದು ಇಂಥ ಪ್ರದರ್ಶನಗಳಿಂದ. ನಮ್ಮ ಮಂಗಳೂರಿನ ಕದ್ರಿ ಉದ್ಯಾನದಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನ ನೋಡಿದವರಿಗೆ ಗೊತ್ತು. ಅಲ್ಲಿ ಡೇಲಿಯ, ಆಂಥೂರಿಯಂ ಕುಂಡಗಳ ಹಿಂದೆ ನಿಂತಿರುವ ಗೃಹಿಣಿಯ ಮುಖದಲ್ಲಿ, ಮಗನಿಗೆ ರ್‍ಯಾಂಕ್ ಬಂದಾಗಿನದ್ದಕ್ಕಿಂತ ಬೇರೆಯದೇ ಒಂದು ಗತ್ತು ಇರುತ್ತದೆ. ಮಗನ ರ್‍ಯಾಂಕು ಮಗನದ್ದು. ಇದು ಅವಳದ್ದು.

ಬೆಂಗಳೂರಿನ ರಸ್ತೆಮರಗಳ ವಿಷಯದಲ್ಲಿ ಕ್ರುಂಬಿಗಲ್ ಹೆಸರು ಎಲ್ಲರಿಗಿಂತ ಮುಂಚೆ ಬರುತ್ತದೆ. ವರ್ಷವಿಡೀ ಊರಿನಲ್ಲಿ ಒಂದಲ್ಲ ಒಂದು ಮರ ಹೂಬಿಟ್ಟಿರಬೇಕು, ಒಂದರ ಸರದಿ ಮುಗಿಯುವಾಗ ಇನ್ನೊಂದರದ್ದು ಶುರುವಾಗಬೇಕು ಎಂಬ ಲೆಕ್ಕದಲ್ಲಿ ಮರ ಆರಿಸಿ ನೆಡಿಸುವ ಕ್ರಮವನ್ನು ಅವರದ್ದೆಂದೇ ಹೇಳುತ್ತಾರೆ. ಚಳಿ ಇಳಿಯುವಾಗ ಟಬೂಬಿಯ, ಬಿಸಿಲೇರುವಾಗ ನೀಲಿಯ ಜಕರಾಂಡ, ಏಪ್ರಿಲ್ ಮೇ ತಿಂಗಳಿಗೆ ಕೆಂಡದಂಥ ಗುಲ್‌ಮೊಹರ್, ಮಳೆ ಮುಗಿದ ಮೇಲೆ ನೆಲಕ್ಕೆ ಬಿಳಿ ಹಾಸುವ ಆಕಾಶಮಲ್ಲಿಗೆ. ಟಬೂಬಿಯ, ಜಕರಾಂಡಗಳ ತವರು ಅಮೆರಿಕ ಖಂಡದ ದಕ್ಷಿಣ ಭಾಗ. ಗುಲ್‌ಮೊಹರ್ ಮಡಗಾಸ್ಕರಿನದ್ದು. ಬೆಂಗಳೂರಿಗೆ ಬಂದು ನೆಲೆಸಿ, ಬೆಂಗಳೂರಿನದ್ದೇ ಎನ್ನಿಸಿಕೊಂಡ ಮರಗಳು ಇವು. ನ್ಯಾಯವಾಗಿ ಹೇಳಬೇಕೆಂದರೆ ಇಂದು ಬೆಂಗಳೂರಿನಲ್ಲಿ ಕಾಣುವ ಹೂಮರಗಳೆಲ್ಲ ಕ್ರುಂಬಿಗಲ್ ನೆಡಿಸಿದವಲ್ಲ. 1980ರ ದಶಕದಲ್ಲಿ ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳರು ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದರು. ಆ ಪುಣ್ಯವನ್ನೂ ಎಷ್ಟೋ ಜನ ಕ್ರುಂಬಿಗಲ್ ಖಾತೆಗೇ ಬರೆದುಬಿಡುತ್ತಾರೆ. ಒಮ್ಮೆ ಹೆಸರಾದವರಿಗೆ ಇನ್ನೊಬ್ಬರ ಕೆಲಸವೂ ಬಂದು ಸೇರುವುದು ಲೋಕರೂಢಿ.

ಕೃಷ್ಣರಾಜಸಾಗರದ ಬೃಂದಾವನ ತೋಟದಲ್ಲೂ ಅವರ ಕೈ ಇದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ಅದನ್ನು ನಮ್ಮ ಕಾಲದವರೆಲ್ಲ ಶಾಲಾ ಪ್ರವಾಸದಲ್ಲಿ ನೋಡಿದ್ದೇವೆ, ಸಿನಿಮಾ ಹಾಡುಗಳಲ್ಲಿ ಇನ್ನೂ ಹೆಚ್ಚು ನೋಡಿದ್ದೇವೆ. ವಿವರ ಬೇಕಾಗಿಲ್ಲ.

ಇಷ್ಟು ಮಾಡಿದವರಿಗೆ ನಾವು ಕೊಟ್ಟದ್ದೇನು ಎಂದು ಕೇಳಿದರೆ ಉತ್ತರ ಸರಳವಾಗಿಲ್ಲ. ಮಹಾರಾಜರ ವಿಶ್ವಾಸವಿತ್ತು, ಜನರ ಗೌರವವಿತ್ತು. ಆದರೆ ಎರಡು ಮಹಾಯುದ್ಧಗಳ ಕಾಲದಲ್ಲೂ ಜರ್ಮನ್ ಎಂಬ ಒಂದೇ ಕಾರಣಕ್ಕೆ ಅವರನ್ನು ಬ್ರಿಟಿಷ್ ಆಡಳಿತ ಸಂಶಯದಿಂದ ಕಂಡಿತು, ನಿರ್ಬಂಧದಲ್ಲಿಟ್ಟಿತು. ಎರಡನೆಯ ಯುದ್ಧ ಬರುವಾಗ ಅವರಿಗೆ ಎಪ್ಪತ್ತು ದಾಟಿತ್ತು, ಈ ದೇಶಕ್ಕೆ ಬಂದು 46 ವರ್ಷಗಳಾಗಿದ್ದವು. ಅವರು ನೆಟ್ಟ ಮರಗಳ ನೆರಳಿನಲ್ಲಿ ದಂಡಿನ ಬಂಡಿಗಳು ಓಡಾಡುತ್ತಿದ್ದವು.

ಮಂಗಳೂರಿನವರಿಗೆ ಈ ಸಂಕಟ ಅಪರಿಚಿತವಲ್ಲ. 1914ರಲ್ಲಿ ಮೊದಲ ಯುದ್ಧ ಶುರುವಾದ ಮೇಲೆ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನೂ ಕಾರ್ಖಾನೆಯವರನ್ನೂ ಹಿಡಿದು ಅಹಮದ್‌ನಗರದ ಶಿಬಿರಕ್ಕೆ ಕಳುಹಿಸಿದರು. ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ತಂದವರು ಇದೇ ಮಿಶನ್ನಿನ ಮೊಗ್ಲಿಂಗ್. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಕನ್ನಡ ನಿಘಂಟಿನ ಕಿಟ್ಟೆಲ್ ಕೂಡ ಇದೇ ಮಿಶನ್ನಿನವರು. ಪುಸ್ತಕ ಬರೆದವರು, ಹೆಂಚು ಸುಟ್ಟವರು, ಹೂ ಬೆಳೆಸಿದವರು ಎಂಬ ಭೇದ ಯುದ್ಧಕ್ಕೆ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಬರೆದಿರುವ ಒಂದು ಪದ ಸಾಕು. ಯುದ್ಧಕಾಲದಲ್ಲಿ ಕಾಗದಗಳಿಗೂ ಕಾವಲು ಬೀಳುತ್ತದೆ. ಊರೂರಿಗೆ ಬೀಜದ ಲಕೋಟೆ ಕಳುಹಿಸಿ ತರಿಸಿಕೊಂಡು ಬಾಳಿದ ಮನುಷ್ಯನಿಗೆ, ತನ್ನ ಕಾಗದವನ್ನು ಇನ್ನೊಬ್ಬರು ಒಡೆದು ಓದಬಹುದು ಎಂಬ ಸ್ಥಿತಿ ಹೇಗಿದ್ದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅವರ ಅನಂತರ ಲಾಲ್‌ಬಾಗಿನ ಹೊಣೆ ಹೊತ್ತವರು ಎಚ್.ಸಿ. ಜವರಾಯರು, ಆ ಹುದ್ದೆಗೆ ಬಂದ ಮೊದಲ ಭಾರತೀಯರು. ಜವರಾಯರ ನಂತರದ ದೊಡ್ಡ ಹೆಸರು ಎಂ.ಎಚ್. ಮರಿಗೌಡರದ್ದು. 1963ರಲ್ಲಿ ತೋಟಗಾರಿಕೆ ಇಲಾಖೆ ಸ್ವತಂತ್ರವಾದಾಗ ಅದನ್ನು ಕಟ್ಟಿದವರು ಅವರು. ಈ ಕೊಂಡಿಯಿಂದಲೇ ನಮ್ಮ ಕರಾವಳಿಗೂ ಲಾಲ್‌ಬಾಗಿನ ನಂಟು ಬಂದದ್ದು. ಏಕೆಂದರೆ ಕ್ರುಂಬಿಗಲ್ ಬದುಕಿದ್ದಷ್ಟು ಕಾಲ ಮಂಗಳೂರು ಅವರ ಸಂಸ್ಥಾನಕ್ಕೆ ಸೇರಿದ್ದಲ್ಲ. ನಾವು ಮದ್ರಾಸಿನವರು. ಅವರು ತೀರಿಕೊಂಡದ್ದು 1956ರ ಫೆಬ್ರವರಿಯಲ್ಲಿ, 90ನೆಯ ವಯಸ್ಸಿನಲ್ಲಿ. ಅದೇ ವರ್ಷದ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಒಂಬತ್ತು ತಿಂಗಳ ಅಂತರದಲ್ಲಿ ನಾವು ಒಬ್ಬರನ್ನೊಬ್ಬರು ತಪ್ಪಿಸಿಕೊಂಡೆವು.

ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಗೋರಿಯಿದೆ. ಮುಟ್ಟಿದ್ದನ್ನೆಲ್ಲ ಚೆಲುವಾಗಿಸಿದವನು ಎಂಬ ಅರ್ಥದ ಮಾತು ಕಲ್ಲಿನ ಮೇಲಿದೆ. ಲಾಲ್‌ಬಾಗಿನ ಪಕ್ಕದ ಒಂದು ರಸ್ತೆಗೆ ಅವರ ಹೆಸರು. ತೋಟದ ಒಳಗೆ ಅವರ ಹೆಸರಿನ ಹಳೆಯ ಸಭಾಭವನವೊಂದು ಇತ್ತು. ದುರಸ್ತಿಯಿಲ್ಲದೆ ವರ್ಷಗಟ್ಟಲೆ ನಿಂತು, 2017ರಲ್ಲಿ ಮಳೆಗೆ ಕುಸಿಯಿತು. ಮರ ನೆಟ್ಟವನ ಮರಗಳು ನಿಂತಿವೆ, ಕಟ್ಟಡ ಬಿತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ ಅವರ ಮರಿಮೊಮ್ಮಗಳು ಮುತ್ತಜ್ಜನ ಜಾಡು ಹಿಡಿದು ಬೆಂಗಳೂರಿಗೆ ಬಂದು ಹೋದ ಸುದ್ದಿ ಓದಿದಾಗ ನನಗೆ ಸಮಾಧಾನವಾಯಿತು. ಮನೆತನದಲ್ಲಿ ಒಬ್ಬ ಹೆಣ್ಣುಮಗಳಾದರೂ ಹಳೆಯ ಪೆಟ್ಟಿಗೆಗಳನ್ನು ತೆರೆಯಬೇಕು.

ನಮ್ಮ ಮನೆತನದಲ್ಲಿ ಆ ಕೆಲಸ ನನಗೆ ಬಂತು. ಸೋದರತ್ತೆ ಎಂದೆನಲ್ಲ, ನನ್ನ ತಂದೆಯ ಹಿರಿಯ ಅಕ್ಕ, ಶಂಕರಪುರದ ಆಸುಪಾಸಿನ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವರು. ಮನೆಯಂಗಳದಲ್ಲಿ, ಗದ್ದೆಯ ಬದಿಯಲ್ಲಿ ಎಂದು ಒಟ್ಟು ಅರುವತ್ತು ಎಪ್ಪತ್ತು ಮಲ್ಲಿಗೆ ಬುಡಗಳಿದ್ದವು. ಮನೆಯಲ್ಲಿ ಮಾತೆಲ್ಲ ತುಳು. ಕಾಗದ ಬರೆಯುವಾಗ ಮಾತ್ರ ಕನ್ನಡ, ಅದೂ ಐದನೆಯ ತರಗತಿಯ ಕನ್ನಡ. ನಾನು ಮದುವೆಯಾಗಿ ಮಂಗಳೂರಿಗೆ ಬಂದ ಮೇಲೆ ಅವರು ನನಗೆ ಬರೆದ ಕಾರ್ಡುಗಳಲ್ಲಿ ಹನ್ನೊಂದು ಉಳಿದಿವೆ. ತಾರೀಖು ಹಾಕುವ ಅಭ್ಯಾಸ ಅವರಿಗಿರಲಿಲ್ಲ. ಕೋಡಿ ಹಬ್ಬದ ಮರುದಿನ, ಆಟಿ ಅಮಾವಾಸ್ಯೆ ಕಳೆದು ಮೂರು ದಿನ ಎಂದು ಬರೆಯುತ್ತಿದ್ದರು. ಅಂಚೆಯ ಮುದ್ರೆ ಓದಲು ಬಂದ ಕಡೆ ಇಸವಿ ಗೊತ್ತಾಗುತ್ತದೆ: 1978, 1981, 1986.

ಮಲ್ಲಿಗೆಗೂ ಅಂಚೆಗೂ ಒಂದು ವಿಚಿತ್ರವಾದ ವಿರೋಧವಿದೆ. ಕ್ರುಂಬಿಗಲ್‌ರ ಲೋಕದಲ್ಲಿ ಗಿಡ ಲಕೋಟೆಯಲ್ಲಿ ಪ್ರಯಾಣ ಮಾಡಿತು, ಏಕೆಂದರೆ ಅದಕ್ಕೆ ಬೀಜವಿತ್ತು. ನಮ್ಮ ಉಡುಪಿ ಮಲ್ಲಿಗೆಯಂಥ ಜಾತಿ ಬೀಜ ಕಟ್ಟುವುದು ಇಲ್ಲವೆಂಬಷ್ಟು ಅಪರೂಪ. ಅದನ್ನು ಹಬ್ಬಿಸಬೇಕಾದರೆ ಗೆಲ್ಲು ಕತ್ತರಿಸಿ ನೆಡಬೇಕು, ಇಲ್ಲವೇ ಬಗ್ಗಿಸಿ ಮಣ್ಣಿನಲ್ಲಿ ಹುಗಿದು ಬೇರು ಬರಿಸಬೇಕು. ಅಂದರೆ ಅದು ಕೈಯಿಂದ ಕೈಗೇ ಹೋಗಬೇಕು. ತವರಿನಿಂದ ಗಂಡನ ಮನೆಗೆ ಹೊರಟವಳು ಒದ್ದೆಬಟ್ಟೆ ಸುತ್ತಿದ ನಾಲ್ಕು ಗೆಲ್ಲುಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಬೇಕು. ಉಡುಪಿ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ಸರ್ಕಾರಿ ಮಾನ್ಯತೆ ಸಿಕ್ಕಿದೆ, ಮೈಸೂರು ಮತ್ತು ಹಡಗಲಿ ಮಲ್ಲಿಗೆಗಳ ಹಾಗೆ. ಆದರೆ ಅದು ಆ ಭೂಗೋಳದಲ್ಲಿ ಊರಿಂದೂರಿಗೆ ಹರಡಿದ ದಾರಿಯ ನಕ್ಷೆ ಬರೆಯಹೊರಟರೆ, ಅದು ಮದುವೆಗಳ ನಕ್ಷೆಯೇ ಆಗುತ್ತದೆ ಎಂದು ನನ್ನ ಅಂದಾಜು. ಅತ್ತೆಯ ಬುಡಗಳು ಅವರ ತಾಯಿಯ ಮನೆಯವು. ಅವರ ಮೂವರು ಹೆಣ್ಣುಮಕ್ಕಳ ಮನೆಗಳಿಗೂ ಅವೇ ಹೋದವು.

ಗಿಡ ಮಡಿಲಲ್ಲಿ ಬಂದರೆ, ಅದರ ವಿದ್ಯೆ ಮಾತ್ರ ಹಿಂದಿನಿಂದ ಕಾರ್ಡಿನಲ್ಲಿ ಬರುತ್ತಿತ್ತು. ಕ್ಷೇಮ ಸಮಾಚಾರ ಮೊದಲ ಸಾಲಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಎಲ್ಲ ಗಿಡದ ವಿಷಯ. ನೆಲಗಡಲೆ ಹಿಂಡಿಯನ್ನು ಸೆಗಣಿಯ ಜೊತೆ ನೆನೆಸಿ ನಾಲ್ಕು ದಿನ ಕೊಳೆಯಿಸಿ ತಿಳಿ ಮಾಡಿ ಹಾಕಬೇಕು, ನೇರವಾಗಿ ಹಾಕಿದರೆ ಬೇರು ಸುಡುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು. ಮಳೆಗಾಲದಲ್ಲಿ ಹೂ ಕಡಿಮೆಯಾದರೆ ಗಾಬರಿ ಬೇಡ, ಅದಕ್ಕೂ ವಿಶ್ರಾಂತಿ ಬೇಕು, ಮಳೆ ಬಿಟ್ಟ ಮೇಲೆ ಗೆಲ್ಲು ಸವರಿ ಎಲೆ ತೆಗೆದರೆ ಹೊಸ ಚಿಗುರಿನಲ್ಲಿ ಮೊಗ್ಗು ಬರುತ್ತದೆ. ಕಾರ್ಡಿನ ಜಾಗ ಮುಗಿದರೆ ಅಂಚಿನಲ್ಲಿ ಸುತ್ತಲೂ ಬರೆಯುತ್ತಿದ್ದರು, ತಿರುಗಿಸಿ ತಿರುಗಿಸಿ ಓದಬೇಕು. ಒಂದರಲ್ಲಿ ಕೊನೆಯ ಸಾಲಿನಲ್ಲಿ ಭಾವನಿಗೆ ಜ್ವರವೆಂದೂ, ಆದರೆ ಅದಕ್ಕಿಂತ ಮೊದಲು ಎರಡು ಸಾಲು ಹುಳದ ಬಾಧೆಯೆಂದೂ ಇದೆ!

ದರದ ವಿಷಯ ಎಲ್ಲ ಕಾರ್ಡುಗಳಲ್ಲೂ ಇದೆ. ಅಟ್ಟಿಯ ದರ ಅವರ ಕೈಯಲ್ಲಿರಲಿಲ್ಲ, ಅಂದಿನಂದಿನ ಬೆಳಿಗ್ಗೆ ಶಂಕರಪುರದ ಕಟ್ಟೆಯಲ್ಲಿ ತೀರ್ಮಾನವಾಗುತ್ತಿತ್ತು. ಬೆಳಕು ಹರಿಯುವ ಮುನ್ನ ಕೊಯ್ದು, ಮನೆಯ ಹೆಂಗಸರೆಲ್ಲ ಕುಳಿತು ಕಟ್ಟಿ, ಹೂ ಒಯ್ಯುವವರು ಬರುವ ಹೊತ್ತಿಗೆ ಸಿದ್ಧವಾಗಿರಬೇಕು. ಅರಳಿದ ಮೇಲೆ ಅದಕ್ಕೆ ಬೆಲೆಯಿಲ್ಲ. ಒಂದು ಅಟ್ಟಿಗೆ 3,200 ಮೊಗ್ಗು ಎಂದರೆ, ಅಷ್ಟೂ ಸಲ ಬಗ್ಗಿ, ಅಷ್ಟೂ ಸಲ ಎರಡು ಬೆರಳಿನಲ್ಲಿ ಚಿವುಟಿ, ಮತ್ತೆ ಅಷ್ಟನ್ನೂ ನಾರಿನಲ್ಲಿ ಗಂಟು ಹಾಕಿದ್ದಾರೆ ಎಂದು ಲೆಕ್ಕ. ಆ ಹಣದಲ್ಲಿ ಅತ್ತೆಯ ಮೂವರು ಹೆಣ್ಣುಮಕ್ಕಳು ಓದಿದರು. ಒಬ್ಬಳು ಇದೇ ಹಂಪನಕಟ್ಟೆಯ ಕಾಲೇಜಿನಲ್ಲಿ ಪದವಿ ಮಾಡಿದಳು. ಫೀಸು ಕಟ್ಟುವ ತಿಂಗಳು ಮದುವೆಗಳ ತಿಂಗಳಲ್ಲ ಎಂಬುದೇ ಅತ್ತೆಯ ನಿತ್ಯದ ದೂರು. ಜೂನ್ ತಿಂಗಳಲ್ಲಿ ಮಳೆ ಹಿಡಿದು ಮೊಗ್ಗು ಇಳಿಯುತ್ತದೆ, ಕಾಲೇಜು ಅದೇ ತಿಂಗಳು ದುಡ್ಡು ಕೇಳುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳ ಹಣವನ್ನು ಅಕ್ಕಿಯ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದೇನೆ, ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು ಒಂದು ಕಾರ್ಡಿನಲ್ಲಿ ಬರೆದಿದ್ದಾರೆ. ಕಾರ್ಡು ಎಂದರೆ ಅಂಚೆಯವನಿಂದ ಹಿಡಿದು ಎಲ್ಲರೂ ಓದಬಹುದಾದದ್ದು ಎಂಬುದು ಅವರಿಗೆ ಹೊಳೆಯಲಿಲ್ಲವೋ, ಹೆಂಗಸರ ಕಾಗದ ಯಾರು ಓದುತ್ತಾರೆ ಎಂಬ ಧೈರ್ಯವೋ.

ಹೂ ಒಯ್ಯುವವರ ಬಳಿ ಒಂದು ಪುಸ್ತಕವಿರುತ್ತಿತ್ತು. ದಿನದ ಚೆಂಡಿನ ಲೆಕ್ಕ ಅದರಲ್ಲಿ, ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಪಾವತಿ. ಆ ಪುಸ್ತಕದಲ್ಲಿ ಅತ್ತೆಯ ಹೆಸರಿರಲಿಲ್ಲ, ಮಾವನ ಹೆಸರಿತ್ತು. ಜಾಗದ ಪಟ್ಟೆಯಲ್ಲೂ ಮಾವ, ಆಮೇಲೆ ಗಂಡುಮಕ್ಕಳು. ಮಾವ ಒಳ್ಳೆಯವರೇ. ಆದರೆ ಒಂದು ಮೊಗ್ಗು ಕೊಯ್ದವರಲ್ಲ. ಸಾಲಕ್ಕೆಂದು ಒಮ್ಮೆ ಅತ್ತೆ ವಿಚಾರಿಸಿದಾಗ, ಬೆಳೆಗಾರರ ಸಹಿ ಬೇಕು, ಯಜಮಾನರನ್ನು ಕರೆದುಕೊಂಡು ಬನ್ನಿ ಎಂದರಂತೆ. ಕರೆದುಕೊಂಡು ಹೋದರು. ಅವರು ಸಹಿ ಹಾಕಿದರು. ಬಾವಿಗೆ ಪಂಪು ಬಂತು. ಆ ಕಾರ್ಡಿನಲ್ಲಿ ಬೇಸರದ ಒಂದು ಮಾತಿಲ್ಲ. ಪಂಪಿನ ನೀರು ಎಷ್ಟು ಜೋರಾಗಿ ಬರುತ್ತದೆ, ಬುಡದ ಮಣ್ಣು ಕೊಚ್ಚಿಹೋಗದಂತೆ ಬಾಯಿಗೆ ಗೋಣಿ ಕಟ್ಟಿದ್ದೇನೆ ಎಂಬುದೇ ಸುದ್ದಿ. ಬೇಸರವೆಲ್ಲ ಓದುವ ನನಗೇ.

ಕ್ರುಂಬಿಗಲ್‌ರ ಕೈಕೆಳಗೂ ಲಾಲ್‌ಬಾಗಿನಲ್ಲಿ ಎಷ್ಟೋ ಮಾಲಿಗಳಿದ್ದರು. ಹಡಗಿನಲ್ಲಿ ಬಂದ ಬೀಜವನ್ನು ಮಣ್ಣಿಗೆ ಹಾಕಿ, ಮೊಳಕೆಗೆ ಕಾದು, ನೆರಳು ಕಟ್ಟಿ ಬದುಕಿಸಿದವರು ಅವರು. ಕಳೆ ಕಿತ್ತ ಹೆಂಗಸರಿದ್ದರು. ಬೀಜ ಎಲ್ಲಿಂದ ಬಂತು ಎಂಬ ದಾಖಲೆ ಹುಡುಕಿದರೆ ಸಿಗುತ್ತದೆ, ಯಾರ ಕೈಯಲ್ಲಿ ಮೊಳೆಯಿತು ಎಂಬುದಕ್ಕೆ ಪುಸ್ತಕವಿಲ್ಲ. ಇದರಿಂದ ಕ್ರುಂಬಿಗಲ್ ಸಣ್ಣವರಾಗುವುದಿಲ್ಲ. ತೋಟಗಾರನನ್ನು ಅಧಿಕಾರಿಯಾಗಿ, ವಿದ್ಯಾವಂತನಾಗಿ ಕಾಣುವ ಅಭ್ಯಾಸವನ್ನು ಈ ನಾಡಿಗೆ ಮಾಡಿಸಿದವರಲ್ಲಿ ಅವರು ಮುಖ್ಯರು. ಆ ಗೌರವ ಅಂಗಳದ ತನಕ ಇಳಿದು ಬರಲು ತಡವಾಯಿತು, ಅಷ್ಟೆ. ಈಗ ಮಂಗಳೂರಿನ ಎಷ್ಟೋ ಫ್ಲ್ಯಾಟುಗಳ ತಾರಸಿಯಲ್ಲಿ ಹೆಂಗಸರು ಕುಂಡಗಳಲ್ಲಿ ಮಲ್ಲಿಗೆ ಬೆಳೆದು ಮಾರುತ್ತಾರೆ. ಹಣ ಅವರದ್ದೇ ಖಾತೆಗೆ, ಅವರದ್ದೇ ಮೊಬೈಲಿಗೆ ಬರುತ್ತದೆ. ಪತ್ರಿಕೆಯವರು ಬಂದು ಹೆಸರು ಕೇಳಿ, ಫೋಟೋ ತೆಗೆದು ಹಾಕುತ್ತಾರೆ. ಅತ್ತೆ ಇದ್ದಿದ್ದರೆ ಕುಂಡದ ಗಾತ್ರ ಸಣ್ಣದಾಯಿತು ಎಂದು ಮೊದಲು ಹೇಳುತ್ತಿದ್ದರು.

ಅವರ ಹನ್ನೊಂದನೆಯ ಕಾರ್ಡಿನಲ್ಲಿ ಅಕ್ಷರ ಅಲುಗಿದೆ, ಕಣ್ಣು ಮಂಜಾಗಿದ್ದ ಕಾಲ. ನನ್ನ ಹಿತ್ತಿಲ ಗಿಡ ಹೂಬಿಡುತ್ತಿಲ್ಲವೆಂದು ನಾನು ಬರೆದದ್ದಕ್ಕೆ ಉತ್ತರ. ಹಿತ್ತಿಲಿನಲ್ಲಿ ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ ಎಂದು ನೋಡಿ ಬರೆ, ಹಲಸಿನ ಮರದ ನೆರಳು ಬೀಳುವುದಾದರೆ ಗಿಡವನ್ನು ಕೀಳಬೇಡ, ಹಲಸಿನ ಒಂದು ಗೆಲ್ಲು ಕಡಿಸು ಎಂದಿದೆ. ಅದರ ಕೆಳಗೆ, ತಾನು ಬರುವ ವಾರ ಆಸ್ಪತ್ರೆಗೆ ಮಂಗಳೂರಿಗೆ ಬರುವವಳಿದ್ದೇನೆ, ಬರುವಾಗ ಹೊಸ ನಾಲ್ಕು ಗೆಲ್ಲು ತರುತ್ತೇನೆ, ಹೊಂಡ ತೋಡಿಸಿ ಗೊಬ್ಬರ ಹಾಕಿಸಿ ಇಡು ಎಂದು ಬರೆದಿದ್ದಾರೆ.